ಕೋವಿಗೆ ಮುಂಚಿನ ಕೂಗು

ಗಲ್ಫಿನಲ್ಲಿ, ಖಾಲಿದಿಯಾ ಬಡಾವಣೆಯ ಫ್ಲ್ಯಾಟೊಂದರ ಬಾಲ್ಕನಿಯಲ್ಲಿ ಹಿಡಿಸೂಡಿ ಎತ್ತಿ ಪಾರಿವಾಳ ಓಡಿಸುವ ಹೆಂಗಸನ್ನು ನೀವು ಕೆಳಗಿನಿಂದ ಕಂಡಿದ್ದರೆ ದಯವಿಟ್ಟು ನಗಬೇಡಿ. ಅವಳು ಕೋವಿ ಇರುವ ಮನೆಯವಳು. ಅಂದರೆ ನಾನು. ಮಗಳು ಮಾತ್ರ "ಅಮ್ಮಾ ಪ್ಲೀಸ್, ಸೋ ಎಂಬ್ಯಾರಸಿಂಗ್" ಎಂದು ಪರದೆ ಎಳೆಯುತ್ತಾಳೆ.

ಇಲ್ಲಿನ ದೊಡ್ಡ ಹೋಟೆಲುಗಳಲ್ಲಿ ಪಾರಿವಾಳ ಓಡಿಸುವುದಕ್ಕೆ ಗಿಡುಗವನ್ನೇ ಕೆಲಸಕ್ಕಿಟ್ಟುಕೊಳ್ಳುತ್ತಾರೆ. ಈ ದೇಶದಲ್ಲಿ ಗಿಡುಗಕ್ಕೆ ಪಾಸ್‌ಪೋರ್ಟೂ ಉಂಟು. ನಮ್ಮ ಉಡುಪಿ ಕಡೆಯ ಕೋವಿಗೆ ಪಾಸ್‌ಪೋರ್ಟ್ ಇಲ್ಲ, ಬೆಳೆರಕ್ಷಣೆಯ ಲೈಸೆನ್ಸ್ ಇದೆ. ಅದು ನನ್ನ ಸೋದರಮಾವನ ಹೆಸರಿನಲ್ಲಿದೆ. ನಮ್ಮದು ಅಳಿಯಕಟ್ಟಿನ ಮನೆ; ಆಸ್ತಿ, ಹಟ, ಗುರಿ ಎಲ್ಲವೂ ಮಾವನಿಂದ ತಂಗಿಯ ಮಕ್ಕಳಿಗೆ ಇಳಿಯಬೇಕು. ಆಸ್ತಿ ತಮ್ಮನಿಗೆ ಹೋಯಿತು. ಉಳಿದೆರಡೂ ನನಗೇ ಬಂದವು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಗುರಿಗಿಂತ ಮೊದಲು ಮಾವ ಕಲಿಸಿದ್ದು ಕೂಗುವುದನ್ನು. ನೆಲಗಡಲೆ ಗದ್ದೆಗೆ ಹಂದಿ ಇಳಿದರೆ ಕೋವಿ ಎತ್ತುವ ಮೊದಲು "ಓಯ್, ಯಾರಾದ್ರೂ ಉಂಟಾ?" ಎಂದು ಕೂಗಬೇಕು. ಆಮೇಲೆ ಒಂದು ವೀಳ್ಯ ಜಗಿಯುವಷ್ಟು ಹೊತ್ತು ಕಾಯಬೇಕು. ಸೊಪ್ಪಿಗೆ ಹೋದವರೋ ದನ ಹುಡುಕುವವರೋ ಅತ್ತ ಇದ್ದರೆ ಉತ್ತರ ಕೊಡುತ್ತಾರೆ. ಉತ್ತರ ಬರದಿದ್ದರೆ ಗುಂಡು. ಅಷ್ಟರಲ್ಲಿ ಹಂದಿಗಳಿಗೇನು ಕಿವಿ ಇಲ್ಲವೇ? ನಮ್ಮ ಕೋವಿಗೆ ಬಿದ್ದ ಹಂದಿಗಳಿಗಿಂತ ಕೂಗಿಗೆ ಓಡಿದ ಹಂದಿಗಳೇ ಹೆಚ್ಚು. ಊರವರು ನಗುತ್ತಿದ್ದರು. ಮಾವ ಮೀಸೆಯ ಮೇಲೆ ಕೈಯಿಟ್ಟು, "ಕಡಲೆ ಉಳೀತಲ್ಲ, ಮತ್ತೆಂತ?" ಎನ್ನುತ್ತಿದ್ದರು.

ಈ ವರ್ಷ ತಮ್ಮ ಫೋನ್ ಮಾಡಿದ. "ಅಕ್ಕಾ, ಮಾವನಿಗೆ ನೀನೇ ಹೇಳು. ಕೋವಿ ಸ್ಟೇಷನ್ನಿಗೆ ಕೊಟ್ಟುಬಿಡುವ. ಸುತ್ತ ಎಲ್ಲ ಸೈಟು ಆಗಿದೆ, ಇನ್ನು ಹೊಡಿಯೂದು ಎಲ್ಲಿಗೆ?"

ಮಾವ ಫೋನ್ ಕಿತ್ತುಕೊಂಡರು. "ಹಂದಿ ಬಂದು ಗದ್ದೆ ಉತ್ತು ಹಾಕಿದ್ರೆ ಇವ ಓಡಿಸ್ತಾನಂತಾ? ನೀನು ರಜೆಯಲ್ಲಿ ಬಾ, ನಿಂತು ನೋಡು. ನೀನು ಹೇಳಿದ ಹಾಗೆ ಆಗ್ಲಿ."

ಮಾವ ಜೀವಮಾನದಲ್ಲಿ ಯಾರ ಮಾತನ್ನೂ ಕೇಳಿದವರಲ್ಲ. ಅವರು ನನ್ನ ತೀರ್ಪು ಕೇಳಿದ್ದರಿಂದ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಮರುದಿನ ಆಫೀಸಿನಲ್ಲಿ ಭಟ್ಕಳದ ಫರ್ಹಾನಾಳ ಮುಂದೆ ನಮ್ಮ ಮನೆಯ ಬೇಟೆಯನ್ನೆಲ್ಲ ಬಿಚ್ಚಿಟ್ಟೆ. ಅವಳು ತಾಳ್ಮೆಯಿಂದ ಕೇಳಿ, "ಅಕ್ಕ, ನಿಮ್ಮ ಬಾಯಲ್ಲೇ ಇಷ್ಟು ಹಂದಿ ಸತ್ತವು, ಖಲಾಸ್! ಇನ್ನು ನಿಜವಾದ ಕೋವಿಯಲ್ಲಿ ತೋರಿಸಿ. ಯಲ್ಲಾ, ನಡೀರಿ, ಶುಕ್ರವಾರ ಹೋಗುವಾ" ಎಂದಳು.

ದುಬೈಯ ಆಚೆ, ಮರಳಿನ ನಡುವೆ ಒಂದು ಶೂಟಿಂಗ್ ಕ್ಲಬ್ಬು. ಆಹಾ, ಎಂಥ ಜಾಗ! ಕಣ್ಣು ಹೋದಷ್ಟು ದೂರ ಒಂದು ಮನೆಯಿಲ್ಲ, ಒಂದು ದನವಿಲ್ಲ. ಹೊಡೆಯಲು ಇಷ್ಟು ಜಾಗವಿರುವಲ್ಲಿ ಒಂದೂ ಹಂದಿಯಿಲ್ಲ, ಹಂದಿಯಿರುವಲ್ಲಿ ಜಾಗವಿಲ್ಲ. ಇದನ್ನು ಹಂಚಿದವರಿಗೆ ಲೆಕ್ಕ ಬರುತ್ತಿರಲಿಲ್ಲವೆಂದು ಕಾಣುತ್ತದೆ.

ಅಲ್ಲಿ ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಡಬೇಕು. ಬಿಲ್ಲೆ ಎಸೆಯುವ ಯಂತ್ರಕ್ಕೆ ಕಿವಿಯುಂಟು, ನಾವು ಏನು ಕೂಗಿದರೂ ಅದು ಎಸೆಯುತ್ತದೆ ಎಂದು ತರಬೇತಿಯವ ವಿವರಿಸಿದ. ನಾನು ಕೋವಿ ಹೆಗಲಿಗೇರಿಸಿ, ರೂಢಿಯಂತೆ, "ಓಯ್, ಯಾರಾದ್ರೂ ಉಂಟಾ?" ಎಂದೆ. ಬಿಲ್ಲೆ ಸುಯ್ಯನೆ ಹಾರಿತು. ನಾನು ಉತ್ತರಕ್ಕೆ ಕಾಯುತ್ತ ನಿಂತೆ. ಬಿಲ್ಲೆ ಮರಳಿಗೆ ಬಿತ್ತು. ಮತ್ತೆ ಕೂಗಿದೆ, ಮತ್ತೆ ಹಾರಿತು, ಮತ್ತೆ ಕಾದೆ. "ಮೇಡಂ, ಶೂಟ್! ಶೂಟ್!" ಎಂದು ಅವನು ಕುಣಿದಾಡಿದ. ಉತ್ತರಕ್ಕೆ ಕಾಯದೆ ಹೊಡೆಯುವುದು ಹೇಗಪ್ಪಾ? ಬೆರಳೇ ಬಗ್ಗಲಿಲ್ಲ. ಫರ್ಹಾನಾ ನಕ್ಕು ನಕ್ಕು ಕುಸಿದು ಕೂತಳು. ಒಂದು ಬಿಲ್ಲೆಯೂ ಒಡೆಯದೆ ವಾಪಸು ಬಂದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಮಾವ ಕಲಿಸಿದ್ದು ಬೆರಳಿನವರೆಗೂ ಇಳಿದಿದೆಯಲ್ಲ ಎಂದು ದಾರಿಯುದ್ದಕ್ಕೂ ಬೀಗಿದೆ.

ರಜೆಯಲ್ಲಿ ಊರಿಗೆ ಹೋದೆ. ಮುಚ್ಚಂಜೆಗೆ ಹಂದಿಗಳು ಇಳಿದವು. ಗದ್ದೆಯ ಅಂಚಿನಲ್ಲಿ ಮಾವ ಕೋವಿ ಹಿಡಿದು ನಿಂತರು. ನಾನು ಪಕ್ಕದಲ್ಲಿ ನಿಂತು ಎದೆ ತುಂಬ ಉಸಿರೆಳೆದು ಕೂಗಿದೆ. "ಓಯ್, ಯಾರಾದ್ರೂ ಉಂಟಾ?"

"ಉಂಟು ಮಾರಾಯ್ತಿ, ಬಟ್ಟೆ ತೆಗೀತಾ ಇದ್ದೇನೆ!" ಎಂದಿತು ಒಂದು ತಾರಸಿ.

"ನಾವಿದ್ದೇವೆ, ಎಂತ ಆಯ್ತು?" ಎಂದಿತು ಹಿಂದಿನ ಮನೆಯ ಜಗಲಿ.

ತೋಡಿನ ಆಚೆಯ ಹೊಸ ಮನೆಯಿಂದ ಒಂದು ಪುಟ್ಟ ಸ್ವರ ಬಂತು. "ನಾನೂ ಇದ್ದೇನೆ!"

ಮೂರೂ ದಿಕ್ಕಿನ ಉತ್ತರಕ್ಕೆ ಹಂದಿಗಳು ಎದ್ದೆವೋ ಬಿದ್ದೆವೋ ಎಂದು ಓಡಿದವು. ಮಾವ ಕೋವಿಯಿಂದ ತೋಟೆ ತೆಗೆದು ಅಂಗಿಯ ಜೇಬಿಗೆ ಹಾಕಿ ನನ್ನ ಮುಖ ನೋಡಿದರು.

"ಕೊಟ್ಟುಬಿಡುವ, ಮಾವ" ಎಂದೆ.

"ಕೊಡುವ. ಉತ್ತರ ಬಂದ ಮೇಲೆ ಹೊಡೆದ ಕೋವಿ ಅಲ್ಲ ಇದು" ಎಂದರು.

ಮರುದಿನ ಸ್ಟೇಷನ್ನಿನಲ್ಲಿ ಪೇದೆ ಕೋವಿಯನ್ನು ತಿರುಗಿಸಿ ನೋಡಿ, "ಯಾಕೆ ಕೊಡ್ತಾ ಇದ್ದೀರಿ? ಹಂದಿ ಇಲ್ವಾ ಈಗ?" ಎಂದು ಕೇಳಿದ.

ಮಾವ ಎದೆ ಸೆಟೆಸಿ ನಿಂತರು. "ಹಂದಿ ಉಂಟು ಸಾರ್. ಕೂಗಿದೆವು, ಉತ್ತರ ಬಂತು."