ಟಿಕೆಟಿನ ಗುರುವಾರ, ಪಂಚಾಂಗದ ಗುರುವಾರ

ಟೊರೊಂಟೊದ ನನ್ನ ಅಡುಗೆಮನೆಯಲ್ಲಿ ಬೆಳಗಿನ ದೋಸೆ ಹೊಯ್ಯುತ್ತಿದ್ದೆ. ಅದೇ ಹೊತ್ತಿಗೆ ಸಿದ್ದಾಪುರ ಕಡೆಯ ಮನ್ಮನೆ ಎಂಬ ಹಳ್ಳಿಯಲ್ಲಿ ಅಕ್ಕನ ಮಗಳು ಸ್ವಾತಿ, ಮೊಬೈಲಿನ ನಕ್ಷೆಯಲ್ಲಿ ನನ್ನ ವಿಮಾನ ಹಾರುವುದನ್ನು ನೋಡುತ್ತ ಕೂತಿದ್ದಳಂತೆ. ಸುಮ್ಮನೆ ಒಂದು ಫೋನ್ ಮಾಡಿದಳು. ನಾನು ಎತ್ತಿದೆ.

"ಮಾವ, ಫೋನ್ ಹೆಂಗೆ ತಗಂಡೆ? ನಿನ್ನ ವಿಮಾನ ಕಪ್ಪು ಸಮುದ್ರದ ಮೇಲಿದ್ದು!"

"ಎಂತ ಹೇಳ್ತೆ? ಆನು ಇವತ್ತು ರಾತ್ರೆ ಹೊರಡ್ತೆ."

ಟಿಕೆಟ್ ತೆಗೆದು ನೋಡಿದೆ. ಗುರುವಾರ, ನಡುರಾತ್ರಿ ಕಳೆದು ನಲವತ್ತು ನಿಮಿಷಕ್ಕೆ. ಇವತ್ತೇ ಗುರುವಾರ. ನಾನು ಮಲಗಿದ್ದಾಗಲೇ ವಿಮಾನ ಹೋಗಿತ್ತು.

ಊರಿನಲ್ಲಿ ಕೂತು ಓದುವ ನೀವು ನಗಬಹುದು. ನಾನು ಇಲ್ಲಿನ ದೇವಸ್ಥಾನವೊಂದರ ಪುರೋಹಿತ. ನಮ್ಮ ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯ ಹುಟ್ಟಿದ ಮೇಲೆ. ಬುಧವಾರದ ನಡುರಾತ್ರಿ ಕಳೆದರೂ ನನಗದು ಬುಧವಾರವೇ; ಗುರುವಾರದ ನಡುರಾತ್ರಿ ಬರುವುದು ಗುರುವಾರದ ಹಗಲು ಕಳೆದ ಮೇಲೆ. ಏಳು ವರ್ಷದಿಂದ ಬೇಸ್‌ಮೆಂಟಿನಲ್ಲಿ, ಅಂದರೆ ಕಡಿಮೆ ಬಾಡಿಗೆಯ ನೆಲದಡಿಯ ಮನೆಯಲ್ಲಿದ್ದೇನೆ. ಕಿಟಕಿಗೆ ಹಿಮ ಮುಚ್ಚಿದರೆ ಸೂರ್ಯನ ಮುಖವೇ ಕಾಣದು. ಆದರೂ ಇಲ್ಲಿನ ನಮ್ಮವರಿಗೆಲ್ಲ ಸೂರ್ಯೋದಯ ಹೇಳುವ ಭಟ್ಟ ನಾನೇ. ಚಳಿ ಕಲಿತೆ, ಇಂಗ್ಲಿಷ್ ಕಲಿತೆ, ಇವರ ಗಡಿಯಾರ ಮಾತ್ರ ತಲೆಗೆ ಹತ್ತಲಿಲ್ಲ.

ಶನಿವಾರ ಬೆಳಿಗ್ಗೆ ಸ್ವಾತಿಯ ಮದುವೆ. ಅವಳಪ್ಪ ತೀರಿಹೋಗಿದ್ದಾರೆ, ಧಾರೆ ಎರೆಯುವುದು ಮಾವನೇ ಆಗಬೇಕೆಂದು ಹಟ ಹಿಡಿದಿದ್ದಳು. ನನ್ನ ಹೆಂಡತಿ ವಾರದ ಹಿಂದೆಯೇ ಊರಿಗೆ ಹೋಗಿದ್ದಳು. ಅವಳಿದ್ದಿದ್ದರೆ ಈ ಫಜೀತಿ ಆಗುತ್ತಿರಲಿಲ್ಲ.

ಸ್ವಾತಿಯ ಕೈಯಿಂದ ಅಕ್ಕ ಫೋನ್ ಕಸಿದುಕೊಂಡಳು. "ತಮಾ, ಮಧ್ಯಾಹ್ನದ ಮೇಲೆ ಬೇರೆ ಮುಹೂರ್ತ ಇದ್ದಾ ನೋಡು. ನೀ ಹೇಳಿದ್ರೆ ಯಾರೂ ಎದುರು ಮಾತಾಡ್ತ್ವಿಲ್ಲೆ."

ನಿಜ. ಮಧ್ಯಾಹ್ನದ ಮೇಲೆ ಒಳ್ಳೆಯ ಮುಹೂರ್ತ ಇರಲಿಲ್ಲ, ಆದರೂ ನಾನು ಒಂದು ಹೂಂ ಅಂದಿದ್ದರೆ ಸಾಕಿತ್ತು.

"ಇಲ್ಲೆ ಅಕ್ಕಾ. ಆನು ಮುಟ್ಟದಿದ್ರೆ ಬೇರೆಯವ್ರನ್ನ ಕೂರ್ಸು," ಅಂದೆ. ಫೋನಿಟ್ಟು ಅತ್ತುಬಿಟ್ಟೆ. ದೋಸೆ ಕರಕಲಾಗಿತ್ತು.

ಸಂಜೆಯ ವಿಮಾನದಲ್ಲಿ ಒಂದು ಸೀಟು ಸಿಕ್ಕಿತು. ಶನಿವಾರ ಗೋವಾದಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಕುಮಟಾ ರಸ್ತೆ ಬಂದ್, ಯಲ್ಲಾಪುರ ಸುತ್ತಿ ಬರಬೇಕು. ಹನ್ನೆರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಆಕಾಶದಲ್ಲಿ ದಾಟಿದವನು ಅರಬೈಲ್ ಘಾಟಿಯಲ್ಲಿ ಲಾರಿಯೊಂದರ ಹಿಂದೆ ತೆವಳಿದೆ. ಹಾರ್ನ್ ಹೊಡಿ ಎಂದು ಟ್ಯಾಕ್ಸಿಯವನನ್ನು ಪೀಡಿಸಿದೆ.

"ಹಾರ್ನ್ ಹೊಡೆದ್ರೆ ಲಾರಿ ಹಾರೂದಿಲ್ಲ ಸರ್," ಎಂದ ಚಾಲಕ.

ಯಲ್ಲಾಪುರ ದಾಟುವಾಗ ಹೆಂಡತಿಯ ಫೋನ್: ದಿಬ್ಬಣ ಬಂತು. ಶಿರಸಿಯಲ್ಲಿ ಇನ್ನೊಮ್ಮೆ: "ಎಲ್ಲಿ ಮುಟ್ಟಿದ್ರಿ? ನಿಮ್ಮ ಬದಲಿಗೆ ಸ್ವಾತಿಯ ದೊಡ್ಡಪ್ಪ ಮಡಿ ಉಟ್ಟಾತು."

ಮುಟ್ಟಿದೆ. ಅಂತರಪಟ ಹಿಡಿಯುವ ಮೊದಲೇ ಮುಟ್ಟಿದೆ. ತಲೆಗೆರಡು ಚೊಂಬು ನೀರು ಸುರಿದುಕೊಂಡು, ಮಡಿ ಉಟ್ಟು, ಹೆಂಡತಿಯ ಪಕ್ಕ ಕೂತೆ. ಸ್ವಾತಿ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿ ನಕ್ಕಳು. ಆ ನಗುವಿಗೆ ಭೂಮಿ ಪೂರ್ತಿ ಸುತ್ತಿ ಬರಬಹುದಿತ್ತು.

ಇನ್ನು ಸಂಕಲ್ಪ. ಯಾವ ಕರ್ಮಕ್ಕೂ ಮೊದಲು, ತಾನು ಭೂಮಿಯ ಯಾವ ಭಾಗದಲ್ಲಿ ಕೂತಿದ್ದೇನೆಂದು ಕರ್ತೃ ಹೇಳಿಕೊಳ್ಳಬೇಕು. ಮದುವೆಯ ಭಟ್ಟರು ಶುರುಮಾಡುವ ಮೊದಲೇ ಅಭ್ಯಾಸಬಲದಿಂದ ನಾನೇ ಹೇಳತೊಡಗಿದೆ: "ಕ್ರೌಂಚದ್ವೀಪೇ..."

ಉತ್ತರ ಅಮೆರಿಕದಲ್ಲಿ ಕೂತು ನಾವು ಹೇಳುವುದು ಹಾಗೆ.

ಭಟ್ಟರು ನನ್ನ ಮುಖ ನೋಡಿದರು. "ಜಂಬೂದ್ವೀಪೇ ಹೇಳಾ ಮಾರಾಯ. ಮನ್ಮನೆಲ್ಲಿ ಕೂತಿದ್ದೆ ನೀನು."

ಜಂಬೂದ್ವೀಪೇ, ಎಂದೆ. ಹುಟ್ಟಿದ ಸೀಮೆಯಲ್ಲೇ ಕೂತು, ಎಲ್ಲಿದ್ದೇನೆಂದು ಇನ್ನೊಬ್ಬರಿಂದ ಹೇಳಿಸಿಕೊಂಡೆ.