ಊದುಬತ್ತಿಯ ಅಳತೆ

ಗಂಜಾಂ ದೇವಸ್ಥಾನದ ಕಡೆ ಹೋದಾಗ ಊದುಬತ್ತಿಯ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ದೇವರು ನೆನಪಾಗಬಹುದು. ನನಗೆ ಲೆಕ್ಕದ ಮೇಷ್ಟ್ರು ನೆನಪಾಗುತ್ತಾರೆ, ಹೊಟ್ಟೆ ಉರಿಯುತ್ತದೆ.

ಹತ್ತನೇ ಕ್ಲಾಸಿನಲ್ಲಿದ್ದಾಗ ಅವರ ಮನೆಯ ಜಗಲಿಯಲ್ಲಿ ನಮಗೆ ಪಾಠ. ಯಾರಿಂದಲೂ ಬಿಡಿಗಾಸು ಮುಟ್ಟುತ್ತಿರಲಿಲ್ಲ, ಅದಕ್ಕೇ ಅವರ ಮಾತೆಂದರೆ ಊರಿಗೆಲ್ಲ ವೇದವಾಕ್ಯ. ಗಡಿಯಾರ ನೋಡುವವರಲ್ಲ. ಪ್ರತಿಯೊಬ್ಬರ ಮುಂದೆ ಮರಳು ತುಂಬಿದ ಒಂದು ಕರಟ, ಅದರಲ್ಲಿ ಮುರಿದ ಅರ್ಧ ಊದುಬತ್ತಿ. ಅದು ಆರುವುದರೊಳಗೆ ಲೆಕ್ಕ ಮುಗಿದರೆ ಚುರುಕು, ಮುಗಿಯದಿದ್ದರೆ ನಿಧಾನ. ಕಲಿಕೆಗೆ ಅವರಲ್ಲಿದ್ದದ್ದು ಅದೊಂದೇ ಅಳತೆ.

ಹುಡುಗಿಯರು ಕೂರುತ್ತಿದ್ದದ್ದು ಜಗಲಿಯ ತುದಿಯಲ್ಲಿ. ಹೊಳೆ ಕಡೆಯ ಗಾಳಿ ಅಲ್ಲಿಗೇ ಬೀಸುತ್ತಿತ್ತು, ನಮ್ಮ ಬತ್ತಿಗಳು ಬೇಗ ಉರಿದುಹೋಗುತ್ತಿದ್ದವು. ಒಮ್ಮೆ ಧೈರ್ಯ ಮಾಡಿ ಹೇಳಿದೆ.

"ಗಾಳಿ ಮ್ಯಾಲೆ ತಪ್ಪು ಒರಿಸ್ಬ್ಯಾಡ ಕಣವ್ವ" ಅಂದರು.

ನನ್ನದೂ ಒಂದು ಚಾಳಿಯಿತ್ತು... ಉತ್ತರ ಬಂದ ಮೇಲೂ ಇನ್ನೊಂದು ದಾರಿಯಲ್ಲಿ ಮಾಡಿ ನೋಡದೆ ಸಮಾಧಾನವಿಲ್ಲ. ಗಾಳಿ ತಾಗದ ಒಳಬದಿಯಲ್ಲಿ ಕೂತ ಹುಡುಗರು ಗೈಡಿನ ಲೆಕ್ಕಗಳನ್ನು ಬಾಯಿಪಾಠ ಮಾಡಿಕೊಂಡು ಬಂದು ಗೀಚಿ ಎದ್ದುಬಿಡುತ್ತಿದ್ದರು. ಅಂಕಿ ಬದಲಾಯಿಸಿ ಕೊಟ್ಟರೆ ಕಕ್ಕಾಬಿಕ್ಕಿ. ಆದರೂ ಚುರುಕು ಅವರೇ. "ಊರು ಒಂದೇ ಆದ್ಮ್ಯಾಲೆ ಎಲ್ಡು ದಾರಿ ಯಾಕವ್ವ?" ಎಂದು ಮೇಷ್ಟ್ರು ಎಲ್ಲರೆದುರು ನನ್ನನ್ನು ಆಡಿಕೊಳ್ಳುತ್ತಿದ್ದರು.

ನನಗೆ ಪಿಯುಸಿಯಲ್ಲಿ ವಿಜ್ಞಾನ ಓದಬೇಕಿತ್ತು. ಅದೊಂದೇ ಆಸೆ. ಗೂಡ್ಸ್ ಆಟೋ ಓಡಿಸುತ್ತಿದ್ದ ಅಬ್ಬಾ ಮೇಷ್ಟ್ರನ್ನು ಕೇಳಲು ಹೋದರು. "ಹೆಣ್ಮಗ ಒಳ್ಳೇದು ಸಾಬ್ರೇ, ಆದ್ರೆ ನಿಧಾನ. ಸೈನ್ಸು ಬ್ಯಾಡ ಬುಡಿ" ಅಂದರಂತೆ.

"ಮೇಷ್ಟ್ರೇ ಯೋಳಿದ್ಮ್ಯಾಲೆ ಮುಗೀತು ಬೇಟಾ" ಎಂದರು ಅಬ್ಬಾ. ಅತ್ತು ಕರೆದೆ, ಊಟ ಬಿಟ್ಟೆ... ಏನೂ ಆಗಲಿಲ್ಲ. ಹೊಲಿಗೆ ಕಲಿಯಲು ಹಾಕಿದರು.

ಈಗ ಬಾಬುರಾಯನಕೊಪ್ಪಲಿನಲ್ಲಿ ನನ್ನದೇ ಹೊಲಿಗೆ ಅಂಗಡಿಯಿದೆ. ಮೇಷ್ಟ್ರು ತೀರಿಕೊಂಡ ಕೆಲವು ತಿಂಗಳಿಗೆ ಅವರ ಸೊಸೆ ರವಿಕೆ ಹೊಲಿಸಲು ಬಂದಿದ್ದಳು. "ನಮ್ಮಾವ ಕೊನೇಗಂಟ ನಿಮ್ಮನ್ನ ನೆನೀತಿದ್ರು ಕಣಕ್ಕ. 'ನಾನು ಯೋಳ್ಕೊಟ್ಟೋರಲ್ಲಿ ಲೆಕ್ಕ ಅರ್ಥ ಮಾಡ್ಕಂಡೋಳು ಆ ಮಗ ಒಬ್ಳೇ' ಅಂತಿದ್ರು" ಎಂದಳು. ಪಾಪ, ನನಗೆ ಸಂತೋಷವಾಗಲಿ ಎಂದೇ ಹೇಳಿದಳು.

ಸಂತೋಷವಾಗಲಿಲ್ಲ. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಒಂದು ಮಾತನ್ನು ಅಬ್ಬಾನ ಮುಂದೆ ಆಡಲಿಲ್ಲ. ಯಾಕೆ ಎಂದು ಕೇಳೋಣವೆಂದರೆ ಮೇಷ್ಟ್ರಿಲ್ಲ. ಆ ಮಾತು ಕೇಳಿಸಿಕೊಳ್ಳಬೇಕಿದ್ದ ಅಬ್ಬಾನೂ ಇಲ್ಲ.