ಮಣ್ಣು ಹುಡುಕಿಕೊಂಡು ಹೊರಟ ಕಾರು

ನನ್ನ ಹೆಂಡತಿ ಸರ್ಕಾರಿ ಶಾಲೆಯ ಅಕ್ಕೋರು. ಕದ್ರಾದಿಂದ ಇನ್ನೂ ಒಳಗೆ, ಕಾಡಿನ ನಡುವಿನ ಊರೊಂದರಲ್ಲಿ ಅವಳ ಶಾಲೆಯಿತ್ತು. ಮಳೆಗಾಲದಲ್ಲಿ ಅಲ್ಲಿಗೆ ಹೋಗಬೇಕೆಂದರೆ ಹಳ್ಳ ದಾಟಬೇಕು, ಆಮೇಲೆ ಸಾಬೂನಿನಂತೆ ಜಾರುವ ಏರು ಹತ್ತಬೇಕು. ಸ್ಕೂಟರಿನಿಂದ ಎರಡು ಸಲ ಬಿದ್ದ ಮೇಲೆ ಅವಳು ನಾಲ್ಕೂ ಗಾಲಿಗೆ ಎಂಜಿನ್ನಿನ ಶಕ್ತಿ ಹೋಗುವಂಥ ಹಳೆಯ ಕಾರೊಂದನ್ನು ಕೊಂಡಳು. ನನ್ನನ್ನೂ ಕೇಳಿದಳು, ಆದರೆ ಕೊಂಡ ಮೇಲೆ.

ಕಾರು ಬಂದದ್ದೇ ತಡ, ಅದಕ್ಕೆ ಸಾಮಾನು ಬರತೊಡಗಿತು. ಮೊದಲು ಗಟ್ಟಿ ಹಲ್ಲಿನ ದೊಡ್ಡ ಟಯರುಗಳು. ಆಮೇಲೆ, ಹಳ್ಳದ ನೀರು ಎಂಜಿನ್ನಿಗೆ ನುಗ್ಗದಂತೆ ಮೇಲಿನಿಂದ ಗಾಳಿ ಎಳೆದುಕೊಳ್ಳುವ ಕೊಳವೆ. ಅದು ಬಾನೆಟ್ಟಿನ ಪಕ್ಕದಿಂದ ಕಾರಿನ ತಲೆಯವರೆಗೆ ಎದ್ದು ನಿಂತಿತು. ನನ್ನ ಅಮ್ಮ ಅದನ್ನು ಸುತ್ತು ಹಾಕಿ ನೋಡಿ, "ಹೊಗೆ ಹೋಗೂಕೆ ಮಾಡ್ಸಿದ್ದೋ? ಒಳಗೆ ಎಂತಾ ಬೇಯ್ಸ್ತ್ರಿ?" ಎಂದು ಕೇಳಿದರು. ಕೊನೆಗೆ ಬಂದದ್ದು ವಿಂಚ್. ಮುಂದಿನ ಬಂಪರಿಗೆ ಕೂರಿಸಿದ, ಗುಂಡಿ ಒತ್ತಿದರೆ ಹಗ್ಗ ಸುತ್ತಿಕೊಳ್ಳುತ್ತ ಭಾರ ಎಳೆಯುವ ಯಂತ್ರ ಅದು.

ವಿಂಚ್ ಕೂರಿಸಿದ ಮರುವಾರವೇ ಅವಳಿಗೆ ವರ್ಗವಾಯಿತು. ಹೊಸ ಶಾಲೆ ಸದಾಶಿವಗಡದಲ್ಲಿ. ನಮ್ಮ ಅಡುಗೆಮನೆಯಲ್ಲಿ ನಿಂತರೆ ಅದರ ಗಂಟೆ ಕೇಳುತ್ತದೆ. ಓಣಿಯವರೆಲ್ಲ ಬಂದು ಸಂತೋಷಪಟ್ಟು ಚಹಾ ಕುಡಿದು ಹೋದರು. ಇವಳು ಮಾತ್ರ ರಾತ್ರಿ ಊಟಕ್ಕೆ ಏಳಲಿಲ್ಲ.

ಕಾರು ಅಂಗಳದಲ್ಲಿ ನಿಂತೇ ಇತ್ತು. ಎಣ್ಣೆ ಬದಲಿಸಲು ಕಾರವಾರದ ಗ್ಯಾರೇಜಿಗೆ ಒಯ್ದಾಗ ಅಲ್ಲಿನ ಮೇಸ್ತ್ರಿ ಹೇಳಿದರು: "ಅಕ್ಕೋರೆ, ಈ ಗಾಡಿ ಹೀಗೆ ಸುಮ್ನೆ ಇಡೂಕಾಗೂದಿಲ್ಲ. ತಿಂಗಳಿಗೊಂದ್ಸಲ ಆದ್ರೂ ಫೋರ್ ವೀಲ್ ಹಾಕಿ ಓಡಿಸ್ಬೇಕು. ಇಲ್ದಿದ್ರೆ ಅದು ಬಿಗಿದು ಕೂತ್ಬಿಡ್ತದೆ."

"ಅಷ್ಟೇ ಅಲ್ವಾ, ಹೈವೇಲಿ ಹಾಕ್ತೆ."

"ಡಾಂಬರಿನ ಮೇಲೆ ಬ್ಯಾಡ, ಗೇರು ಹಾಳಾಗ್ತದೆ. ಮಣ್ಣು ಬೇಕು. ಕೆಸರಾದ್ರೆ ಇನ್ನೂ ಚಲೋ."

ಅಲ್ಲಿಂದ ನಮ್ಮ ಭಾನುವಾರಗಳು ಮಣ್ಣು ಹುಡುಕುವುದರಲ್ಲಿ ಹೋದವು. ನಮ್ಮ ಕಡೆ ಮಣ್ಣಿಗೆ ಬರವೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಯಾವ ಓಣಿಗೆ ನುಗ್ಗಿದರೂ ಕಾಂಕ್ರೀಟು. ಒಂದು ದಿನ ಹೊಸ ಮನೆಯೊಂದರ ಮುಂದೆ ಕೆಂಪು ಮಣ್ಣು ಹರಡಿದ್ದು ಕಂಡು ಇವಳು ಸೀದಾ ಒಳಗೆ ಬಿಟ್ಟಳು. ಮನೆಯ ಯಜಮಾನರು ಓಡಿ ಬಂದರು. ಇವಳು ಕಾರಿನ ಕಾಯಿಲೆ ವಿವರಿಸಿದಳು. ಅವರು ಅಂಗಳದ ಸುತ್ತ ಕಣ್ಣಾಡಿಸಿ, "ಹಾಗಾದ್ರೆ ಆ ಮೂಲೆಗೂ ಸ್ವಲ್ಪ ಓಡ್ಸಿ, ಅಲ್ಲಿ ಇನ್ನೂ ಉಬ್ಬು ಅದೆ" ಎಂದರು. ಅಂಗಳ ಸಮತಟ್ಟಾಗುವ ತನಕ ಅವರು ನಮ್ಮನ್ನು ಬಿಡಲಿಲ್ಲ.

ಮೇ ಕೊನೆಯ ಭಾನುವಾರ ಬೇಲೆಕೇರಿಯ ನನ್ನ ಅಕ್ಕನ ಮನೆಗೆ ಹೋದೆವು. ಮಳೆ ಶುರುವಾಗುವ ಮೊದಲು ದೋಣಿಗಳನ್ನು ಮೇಲೆಳೆದು ಇಡುವ ಹೊತ್ತು ಅದು. ಅಕ್ಕನ ಮನೆಯ ಹಿಂದೆ, ತೆಂಗಿನ ಮರಗಳ ನಡುವೆ, ಕಾಲು ಹೂಳುವಷ್ಟು ಮರಳು. ಇವಳು ಫೋರ್ ವೀಲ್ ಹಿಡಿಕೆ ಎಳೆದಳು. ಅದು ಟಕ್ಕೆಂದು ಕೂತಿತು. ಅವಳ ಮುಖದಲ್ಲಿ ಮೂಡಿದ ನಗುವನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ.

ಅಲ್ಲೇ ದೋಣಿಯೊಂದನ್ನು ತಳ್ಳಿ ತಳ್ಳಿ ದಣಿದು ನಿಂತಿದ್ದವರಲ್ಲಿ ಒಬ್ಬರು ವಿಂಚ್ ನೋಡಿದರು. "ಅಕ್ಕೋರೆ, ಇದು ದೋಣಿ ಎಳೀತದಾ?"

ಇವಳು ಆ ಪ್ರಶ್ನೆಗಾಗಿಯೇ ಹುಟ್ಟಿದವಳಂತೆ ಕೆಳಗಿಳಿದಳು. ಕೊಕ್ಕೆಯನ್ನು ದೋಣಿಯ ಮೂತಿಗೆ ಸಿಕ್ಕಿಸಿ, ಎಲ್ಲರನ್ನೂ ದೂರ ಸರಿಸಿ ಗುಂಡಿ ಒತ್ತಿದಳು. ಹಗ್ಗ ಬಿಗಿಯಿತು. ದೋಣಿ ಅಲುಗಲಿಲ್ಲ. ನಮ್ಮ ಕಾರು, ಬ್ರೇಕು ಹಾಕಿದ್ದರೂ, ಮರಳಿನಲ್ಲಿ ಜಾರುತ್ತ ದೋಣಿಯ ಕಡೆಗೆ ಹೊರಟಿತು.

"ಮಾರಾಯ್ರೆ, ದೋಣಿ ಮೇಲೆ ಬರಬೇಕಿತ್ತು, ಕಾರು ಮೀನಿಗೆ ಹೊಂಟದಲ್ಲ" ಎಂದರು ದೋಣಿಯವರು.

"ಭಾರ ಸಾಲದು," ಎಂದು ಹೆಂಡತಿ ತೀರ್ಮಾನಿಸಿದಳು. ನೋಡಲು ನಿಂತಿದ್ದ ಮೀನು ಮಾರುವ ಹೆಂಗಸರ ಕಡೆ ತಿರುಗಿ, "ಎಲ್ಲ ಹತ್ತಿ" ಎಂದಳು. ಅವರು ಮದುವೆ ದಿಬ್ಬಣಕ್ಕೆ ಹತ್ತುವಂತೆ ಹತ್ತಿದರು. ಅಕ್ಕನೂ ಹತ್ತಿದಳು. ಜಾಗ ಸಾಲದೆ ನನ್ನನ್ನು ಹಿಂದೆ ಸಾಮಾನಿಡುವಲ್ಲಿ ಮಡಚಿ ಕೂರಿಸಿದರು. ಗಾಲಿಗಳ ಮುಂದೆ ಕಲ್ಲು ಕೊಟ್ಟರು.

ಮತ್ತೆ ಗುಂಡಿ ಒತ್ತಿದಾಗ ದೋಣಿ ಒಮ್ಮೆ ನರಳಿ, ಮೆಲ್ಲಗೆ ಮರಳ ಮೇಲೆ ಸರಿಯುತ್ತ ಬಂತು. ಹೊರಗೆ ಗಂಡಸರು ಹೋ ಎಂದರು. ಒಳಗೆ ಯಾರೂ ಅದನ್ನು ನೋಡುತ್ತಿರಲಿಲ್ಲ. ಎಸಿ ಎಲ್ಲಿಂದ ಬರುತ್ತದೆ ಎಂಬ ಚರ್ಚೆ ನಡೆದಿತ್ತು.

ದೋಣಿ ತೆಂಗಿನ ಮರದ ಬುಡ ಸೇರಿದರೂ ಅಕ್ಕನ ಹೊರತು ಯಾರೂ ಇಳಿಯಲಿಲ್ಲ. "ಅಕ್ಕೋರೆ, ಹೇಗೂ ಕೂತಾಯ್ತು. ಅಂಕೋಲಾ ಪೇಟೆಗೆ ಬಿಟ್ಬಿಡಿ" ಎಂದಳು ಮುಂದಿನ ಸೀಟಿನಾಕೆ. ಮೀನಿನ ಬುಟ್ಟಿಗಳು ಕಾರಿನ ತಲೆಯ ಮೇಲೇರಿದವು. ಒಂದು ಬುಟ್ಟಿ ಉಳಿದು ನನ್ನ ತೊಡೆಯ ಮೇಲೆ ಬಂತು. ಹೈವೇ ಮುಟ್ಟುವಷ್ಟರಲ್ಲಿ ಬಂಗಡೆಯ ನೀರು ನನ್ನ ಪ್ಯಾಂಟಿನಿಂದ ಇಳಿದು ಕಾಲುಚೀಲ ತಲುಪಿತ್ತು.

ಪೇಟೆಯಲ್ಲಿ ಅವರೆಲ್ಲ ಇಳಿಯುತ್ತಿರುವಾಗ ಮುದುಕರೊಬ್ಬರು ಚೀಲ ಹಿಡಿದು ಒಳಗೆ ಹತ್ತಿ ಕೂತರು. "ಕಾರವಾರ ಬದಿಗೆ ಹೋಗ್ತದಲ್ಲ?" ಇದು ಬಾಡಿಗೆ ಗಾಡಿ ಅಲ್ಲ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಹೆಂಡತಿ ಕನ್ನಡಿಯಲ್ಲಿ ಅವರನ್ನು ನೋಡಿ ಕೇಳಿದಳು: "ನಿಮ್ಮನೆ ರಸ್ತೆ ಹೇಗದೆ, ಅಜ್ಜಾ?"

"ಎಂತಾ ಹೇಳೂದು ತಂಗೀ," ಅವರು ಸಂಕೋಚದಿಂದ ಅಂದರು. "ಪೂರಾ ಮಣ್ಣು. ನಡುವೆ ಒಂದು ಹೊಂಡ ಬೇರೆ. ನೀವು ಹೈವೇಲೇ ಇಳಿಸಿ, ನಾ ನಡೀತೆ."

"ನಡೀಬೇಡಿ. ಮನೆ ಬಾಗಿಲಿಗೇ ಬಿಡ್ತೆ," ಎಂದು ಅವಳು ಗೇರು ಹಾಕಿದಳು.